ಹಳೆಯ ಎಂಟರ್‌ಪ್ರೈಸ್ ಕಿಟ್‌ನ ಜೀರ್ಣೋದ್ಧಾರ: ಹಳೆಯ ಬಣ್ಣ ತೆಗೆಯಬೇಕೆ? ವೆದರಿಂಗ್ (ಬಣ್ಣದಿಂದ ತೋರಿಸುವ ಸವೆತ, ಕೊಳೆ) ಎಷ್ಟಿರಬೇಕು?

ಮೈಸೂರು ಹವ್ಯಾಸಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಸ್ಟಾರ್ ಟ್ರೆಕ್ ಎಂಬ ಅಮೆರಿಕದ ಟಿವಿ ಧಾರಾವಾಹಿಯ ಎಂಟರ್‌ಪ್ರೈಸ್ ಬಾಹ್ಯಾಕಾಶ ನೌಕೆಯನ್ನು ಬಿಡಿಭಾಗಗಳಿಂದ ಜೋಡಿಸುವ, ಎಎಂಟಿ ಕಂಪನಿಯ ಹಳೆಯ ಪ್ಲಾಸ್ಟಿಕ್ ಕಿಟ್ ಒಂದು ನನ್ನ ಬಳಿ ಇದೆ. 1970ರ ದಶಕದಲ್ಲಿ ಅಮೆರಿಕದಲ್ಲಿ ಓದುತ್ತಿದ್ದ ನನ್ನ ಸೋದರಮಾವ ಅದನ್ನು ಅಲ್ಲಿಯೇ ಕೊಂಡು, ಜೋಡಿಸಿ, ಬಣ್ಣ ಹಚ್ಚಿ, ಊರಿಗೆ ಮರಳುವಾಗ ಸೂಟ್‌ಕೇಸಿನಲ್ಲಿ ಬಟ್ಟೆಗಳ ನಡುವೆ ಸುತ್ತಿ ತಂದಿದ್ದರು. ಅಜ್ಜಿಯ ಮನೆ ಖಾಲಿ ಮಾಡುವಾಗ ಅದು ನನ್ನ ಪಾಲಿಗೆ ಬಂತು. ಅದನ್ನು ಮತ್ತೆ ನೋಡುವ ಹಾಗೆ ಮಾಡಬೇಕೆಂಬುದು ನನ್ನ ಆಸೆ.

ಈಗಿರುವ ಸ್ಥಿತಿಯನ್ನು ಹೇಳುತ್ತೇನೆ. ಹಿಂಬದಿಯ ಎರಡು ಉದ್ದನೆಯ ಎಂಜಿನ್ ಕೊಳವೆಗಳಲ್ಲಿ ಎಡಗಡೆಯದು ಬುಡದಲ್ಲಿ ಕಳಚಿ ಬಿದ್ದಿದೆ. ಬಲಗಡೆಯದು ನಿಂತಿದ್ದರೂ ಹೊರಕ್ಕೆ ವಾಲಿ ಜೋತುಬಿದ್ದಿದೆ. ನೌಕೆಯ ಮುಂಭಾಗದ ದುಂಡು ತಟ್ಟೆಯ ಮೇಲಿನ ಮತ್ತು ಕೆಳಗಿನ ಭಾಗಗಳು ಕೂಡುವ ಅಂಚಿನಲ್ಲಿ ಒಂದು ಕಡೆ ಉಗುರು ತೂರುವಷ್ಟು ಬಿರುಕಿದೆ. ಇಡೀ ನೌಕೆಗೆ ಬೆಳ್ಳಿ ಬಣ್ಣದ ಎನಾಮೆಲ್ ಅನ್ನು ಬ್ರಷ್‌ನಿಂದ ದಪ್ಪವಾಗಿ ಬಳಿಯಲಾಗಿದ್ದು, ಬ್ರಷ್ ಎಳೆದ ಗೆರೆಗಳು ಹಾಗೆಯೇ ಒಣಗಿವೆ. ಅದು ಚಕ್ಕೆ ಎದ್ದ ಕಡೆ ಹಳದಿಗಟ್ಟಿದ ಪ್ಲಾಸ್ಟಿಕ್ ಕಾಣುತ್ತದೆ. ತಟ್ಟೆಯ ಮೇಲಿನ ನೋಂದಣಿ ಸಂಖ್ಯೆಯ ಡಿಕಾಲ್ (ಅಂಟಿಸುವ ಮುದ್ರಿತ ಪದರ) ಅಂಚುಗಳಲ್ಲಿ ಮುರುಟಿಕೊಂಡಿದೆ.

ಬಾಗಿರುವ ಕೊಳವೆಗಳನ್ನು ಮತ್ತೆ ಬಾಗದ ಹಾಗೆ ನಿಲ್ಲಿಸುವುದು ಹೇಗೆ? ಹಳೆಯ ಎನಾಮೆಲ್ ಅನ್ನು ಪ್ಲಾಸ್ಟಿಕ್‌ಗೆ ಪೆಟ್ಟಾಗದಂತೆ ತೆಗೆಯಲು ನಮ್ಮಲ್ಲಿ ಸಿಗುವ ಯಾವ ದ್ರವ ಸುರಕ್ಷಿತ? ಕೊನೆಯದಾಗಿ, ಅಂತರ್ಜಾಲದಲ್ಲಿ ಕಾಣುವ ಮಾದರಿಗಳಲ್ಲಿ ಪ್ರತಿಯೊಂದು ಫಲಕದ ಅಂಚಿಗೂ ಕಪ್ಪು ನೆರಳು, ಎಣ್ಣೆ ಇಳಿದ ಕಲೆ, ಸುಟ್ಟ ಗುರುತು ಎಲ್ಲವೂ ಇರುತ್ತವೆ. ಈ ನೌಕೆಗೆ ಅಷ್ಟೆಲ್ಲ ಬೇಕೆ, ಬೇಕಾದರೆ ಎಷ್ಟು ಎಂಬುದನ್ನು ಅನುಭವಿಗಳು ತಿಳಿಸಬೇಕೆಂದು ಕೋರುತ್ತೇನೆ.

ಬಸವನಗುಡಿ ಮಾಡೆಲರ್

ಮೇಡಂ, ವೆದರಿಂಗ್ ವಿಷಯವನ್ನು ಸದ್ಯಕ್ಕೆ ಪಕ್ಕಕ್ಕಿಡೋಣ. ನೆಟ್ಟಗೆ ನಿಲ್ಲದ ಮಾದರಿಗೆ ಎಷ್ಟು ಚೆನ್ನಾಗಿ ಬಣ್ಣ ಹಚ್ಚಿದರೂ ನೋಡುವವರ ಕಣ್ಣು ಮೊದಲು ಹೋಗುವುದು ವಾಲಿದ ಕೊಳವೆಯ ಮೇಲೆಯೇ.

ಕೊಳವೆಗಳು ಬಾಗಿರುವುದು ನಿಮ್ಮ ಮಾವನವರ ಕೈಗೆಲಸದ ಕೊರತೆಯೆಂದು ದಯವಿಟ್ಟು ಭಾವಿಸಬೇಡಿ. 1966ರಲ್ಲಿ ಮೊದಲು ಬಂದ ಈ ಕಿಟ್‌ನ ವಿನ್ಯಾಸದಲ್ಲಿಯೇ ಆ ದೌರ್ಬಲ್ಯವಿದೆ. ಉದ್ದನೆಯ ಕೊಳವೆಯ ಇಡೀ ಭಾರ ತೆಳ್ಳಗಿನ ಓರೆ ತೋಳೊಂದರ ಮೇಲೆ ಬೀಳುತ್ತದೆ, ಆ ತೋಳು ತಟ್ಟೆಯ ಹಿಂದೆ ಕೆಳಗಿರುವ ಹೊಟ್ಟೆಯ ಭಾಗದ ಒಂದು ಸಣ್ಣ ಸೀಳಿನಲ್ಲಿ ಕೇವಲ ಅಂಟಿನ ಬಲದಿಂದ ನಿಂತಿರುತ್ತದೆ, ಮತ್ತು ಪಾಲಿಸ್ಟೈರೀನ್ ಪ್ಲಾಸ್ಟಿಕ್ ಒಂದೇ ಭಾರವನ್ನು ವರ್ಷಗಟ್ಟಲೆ ಹೊತ್ತರೆ ಮುರಿಯದಿದ್ದರೂ ನಿಧಾನವಾಗಿ ಜಗ್ಗುತ್ತದೆ. ನಮ್ಮ ಬೇಸಿಗೆಯ ಸೆಕೆ ಅದಕ್ಕೆ ಇನ್ನಷ್ಟು ಸಹಾಯ ಮಾಡುತ್ತದೆ. ಆದ್ದರಿಂದ ಮುರಿದ ಜಾಗಕ್ಕೆ ಮತ್ತೆ ಅಂಟು ಹಾಕಿದರೆ ಅದೇ ಕಥೆ ಮರುಕಳಿಸುತ್ತದೆ. ಫೆವಿಕ್ವಿಕ್ ಅಂತೂ ಇಲ್ಲಿ ಬೇಡವೇ ಬೇಡ. ಅದು ಎಳೆತವನ್ನು ತಡೆದರೂ ಅಡ್ಡ ಪೆಟ್ಟಿಗೆ ಪಟ್ಟೆಂದು ಬಿಡುತ್ತದೆ. ಅದರ ಆವಿ ಪಾರದರ್ಶಕ ಭಾಗಗಳ ಮೇಲೆ ಬಿಳಿ ಮಂಜಿನಂತೆ ಕೂರುತ್ತದೆ.

ನಾನು ಅನುಸರಿಸುವ ಕ್ರಮವೆಂದರೆ ಒಳಗೆ ಹಿತ್ತಾಳೆ ಕಡ್ಡಿ ಕೂರಿಸುವುದು. ಇನ್ನೂ ಅಂಟಿಕೊಂಡಿರುವ ಬಲಗಡೆಯ ಕೊಳವೆಯನ್ನು ಬಲವಂತವಾಗಿ ಕೀಳಬೇಡಿ. ಮಾದರಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಫ್ರೀಜರ್‌ನಲ್ಲಿ ಒಂದೆರಡು ಗಂಟೆ ಇಟ್ಟರೆ ಹಳೆಯ ಟ್ಯೂಬ್ ಅಂಟು ಪೆಡಸಾಗಿ, ಬುಡದಲ್ಲಿ ಮೆಲ್ಲನೆ ಆಚೀಚೆ ಅಲುಗಿಸಿದಾಗ ಜೋಡಣೆ ಬಿಟ್ಟುಕೊಳ್ಳುವ ಸಾಧ್ಯತೆ ಹೆಚ್ಚು. ಬಿಡದಿದ್ದರೆ ಸಣ್ಣ ಗರಗಸದಿಂದ ಜೋಡಣೆಯ ಗೆರೆಯ ಮೇಲೆಯೇ ಕೊಯ್ಯಬೇಕು, ಏಕೆಂದರೆ ಆ ಅಂಟು ಪ್ಲಾಸ್ಟಿಕ್ ಅನ್ನು ಕರಗಿಸಿ ಬೆಸೆದಿರುತ್ತದೆ. ಆಮೇಲೆ ತೋಳಿನ ದಪ್ಪ ನೋಡಿಕೊಂಡು 1 ಅಥವಾ 1.5 ಮಿ.ಮೀ. ಕಡ್ಡಿಗೆ ತಕ್ಕ ತೂತನ್ನು ಕೈಯಲ್ಲಿ ತಿರುಗಿಸುವ ಪಿನ್ ವೈಸ್ ಎಂಬ ಸಣ್ಣ ಕೈ ಡ್ರಿಲ್‌ನಿಂದ ಕೊರೆಯಿರಿ. ಮೋಟಾರ್ ಡ್ರಿಲ್‌ನ ಬಿಸಿಗೆ ಪ್ಲಾಸ್ಟಿಕ್ ಕರಗಿ ತೂತು ಓರೆಯಾಗುತ್ತದೆ. ಹೊಟ್ಟೆಯ ಭಾಗದ ಎರಡು ಹೋಳುಗಳನ್ನು ಬಿಡಿಸಲು ಸಾಧ್ಯವಾದರೆ ಒಳಗೆ ಎಂ-ಸೀಲ್ ತುಂಬಿ, ಎರಡೂ ಕಡೆಯ ಕಡ್ಡಿಗಳು ಅದರಲ್ಲಿ ಆಳವಾಗಿ ನಾಟುವಂತೆ ಮಾಡಿ. ಆಗ ಭಾರ ತೆಳ್ಳಗಿನ ಪ್ಲಾಸ್ಟಿಕ್ ಮೇಲೆ ಬೀಳದೆ ಲೋಹದ ಮೂಲಕ ನೌಕೆಯ ಹೊಟ್ಟೆಗೆ ಇಳಿಯುತ್ತದೆ. ಕಡ್ಡಿಗಳಿಗೆ ನಿಧಾನವಾಗಿ ಗಟ್ಟಿಯಾಗುವ ಅರಾಲ್ಡೈಟ್ ಬಳಸಿದರೆ ನೇರ ಮಾಡಿಕೊಳ್ಳಲು ಸಮಯ ಸಿಗುತ್ತದೆ. ಗ್ರಾಫ್ ಹಾಳೆಯ ಮೇಲೆ ಥರ್ಮೋಕೋಲ್ ತುಂಡುಗಳನ್ನು ಆಧಾರ ಕೊಟ್ಟು, ನೌಕೆಯ ಹಿಂಬದಿಯಿಂದ ಒಂದೇ ಕಣ್ಣಿನಲ್ಲಿ ನೋಡುತ್ತ ಎರಡೂ ಕೊಳವೆಗಳು ಸಮಾನಾಂತರವಾಗುವಂತೆ ಹೊಂದಿಸಿ, ಇಡೀ ರಾತ್ರಿ ಮುಟ್ಟದೆ ಬಿಡಿ.

ಬಣ್ಣ ತೆಗೆಯುವ ವಿಷಯದಲ್ಲಿ ಒಂದು ಎಚ್ಚರಿಕೆಯನ್ನು ಮೊದಲೇ ಹೇಳಬೇಕು. ಹಾರ್ಡ್‌ವೇರ್ ಅಂಗಡಿಯಲ್ಲಿ ‘ಥಿನ್ನರ್’ ಎಂದು ಕೇಳಿದರೆ ಸಾಮಾನ್ಯವಾಗಿ ಎನ್‌ಸಿ ಥಿನ್ನರ್ ಕೊಡುತ್ತಾರೆ. ಅದಾಗಲಿ, ಅಸಿಟೋನ್ ಆಗಲಿ ಪಾಲಿಸ್ಟೈರೀನ್‌ಗೆ ತಾಗಿದರೆ ಬಣ್ಣದ ಜತೆ ನೌಕೆಯೂ ಕರಗುತ್ತದೆ. ಹಳೆಯ ಎನಾಮೆಲ್‌ಗೆ ಕಾರಿನ ಡಾಟ್ 3 ಬ್ರೇಕ್ ಆಯಿಲ್ ಚೆನ್ನಾಗಿ ಕೆಲಸ ಮಾಡುತ್ತದೆ. ನೀರು ಬೆರೆಸದ ಡೆಟಾಲ್ ಕೂಡ ಆಗುತ್ತದೆ, ಆದರೆ ಅದರಲ್ಲಿ ನೆನೆಸಿದ ಭಾಗವನ್ನು ಕೂಡಲೇ ನೀರಿಗೆ ಹಿಡಿದರೆ ಕರಗಿದ ಬಣ್ಣ ಜಿಗುಟು ಅಂಟಾಗಿ ಮತ್ತೆ ಮೆತ್ತಿಕೊಳ್ಳುತ್ತದೆ. ಹಾಗಾಗಿ ಮೊದಲು ಇನ್ನಷ್ಟು ಡೆಟಾಲ್ ಹಾಕಿ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ, ಬಟ್ಟೆಯಿಂದ ಒರೆಸಿ, ಆಮೇಲೆ ಸೋಪಿನ ನೀರಿನಲ್ಲಿ ತೊಳೆಯಬೇಕು. ಯಾವುದನ್ನೇ ಬಳಸಿದರೂ ಕೊಳವೆಯ ಕೆಳಭಾಗದಂತಹ ಕಾಣದ ಜಾಗದಲ್ಲಿ ಹತ್ತಿ ಕಡ್ಡಿಯಿಂದ ಪರೀಕ್ಷಿಸಿ. ಪಾರದರ್ಶಕ ಭಾಗಗಳನ್ನು ಈ ಸ್ನಾನಕ್ಕೆ ಇಳಿಸಬೇಡಿ. ಕೈಗವಸು ಹಾಕಿಕೊಳ್ಳಿ. ಬಳಸಿದ ಬ್ರೇಕ್ ಆಯಿಲ್ ಅನ್ನು ಸಿಂಕ್‌ಗೆ ಸುರಿಯಬೇಡಿ.

ಹಳದಿಗಟ್ಟಿದ ಪ್ಲಾಸ್ಟಿಕ್ ಅನ್ನು ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ ಬಿಸಿಲಿಗಿಟ್ಟು ಬೆಳ್ಳಗೆ ಮಾಡುವ ವಿಧಾನವನ್ನು ನೀವು ಓದಿರಬಹುದು. ಬಣ್ಣ ಹಚ್ಚದ ಹಳೆಯ ಕಂಪ್ಯೂಟರ್ ಕವಚಗಳಿಗೆ ಅದು ಉಪಯುಕ್ತ. ಮೇಲೆ ಪ್ರೈಮರ್ ಬರುವ ಮಾದರಿಗೆ ಅಗತ್ಯವಿಲ್ಲ. 400ರ ವಾಟರ್ ಪೇಪರ್‌ನಿಂದ ಆರಂಭಿಸಿ 800, 1000ರವರೆಗೆ ನೀರು ಹಾಕಿ ಉಜ್ಜಿದರೆ ಸಾಕು.

ಮೇರಿಲ್ಯಾಂಡ್ ಕನ್ನಡಿಗ

ಬಸವನಗುಡಿಯವರು ಬಿಟ್ಟ ಕಡೆಯಿಂದ ನಾನು ಮುಂದುವರಿಸುತ್ತೇನೆ. ವೆದರಿಂಗ್ ಎಷ್ಟು ಎಂಬ ಪ್ರಶ್ನೆಗೆ ಈ ನೌಕೆಯ ಮಟ್ಟಿಗೆ ಊಹೆಯ ಉತ್ತರ ಬೇಕಿಲ್ಲ. ಧಾರಾವಾಹಿಯ ಚಿತ್ರೀಕರಣಕ್ಕೆ ಬಳಸಿದ ಮೂಲ ಮಾದರಿಯೇ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ವಾಯು ಮತ್ತು ಬಾಹ್ಯಾಕಾಶ ವಸ್ತುಸಂಗ್ರಹಾಲಯದಲ್ಲಿದೆ. ಮ್ಯಾಟ್ ಜೆಫರೀಸ್ ವಿನ್ಯಾಸಗೊಳಿಸಿದ ಆ ಮಾದರಿ 1964ರಲ್ಲಿ ಸಿದ್ಧವಾಯಿತು. ಉದ್ದ 11 ಅಡಿಗೂ ಹೆಚ್ಚು. ಪಾಪ್ಲರ್ ಮರ, ತಗಡಿನ ಸುರುಳಿ ಮತ್ತು ಅಚ್ಚಿಗೆ ಎಳೆದ ಪ್ಲಾಸ್ಟಿಕ್ ಸೇರಿಸಿ ಅದನ್ನು ಕಟ್ಟಲಾಗಿದೆ. ದೀಪದ ತಂತಿಗಳು ಎಡಬದಿಯಿಂದ ಒಳಗೆ ಹೋಗುತ್ತಿದ್ದುದರಿಂದ ಆ ಬದಿಗೆ ಪೂರ್ತಿ ಅಲಂಕಾರವೇ ಇಲ್ಲ. ಕ್ಯಾಮೆರಾ ನೋಡಿದ್ದು ಬಲಬದಿಯನ್ನು ಮಾತ್ರ.

ನಿಮ್ಮ ಪ್ರಶ್ನೆಗೆ ಸಂಬಂಧಿಸಿದ್ದು ಅದರ ಮುಂದಿನ ಇತಿಹಾಸ. 1974ರಲ್ಲಿ ಪ್ಯಾರಾಮೌಂಟ್ ಸ್ಟುಡಿಯೋ ಅದನ್ನು ಸಂಗ್ರಹಾಲಯಕ್ಕೆ ಕೊಟ್ಟ ಮೇಲೆ 1974, 1984 ಮತ್ತು 1991ರಲ್ಲಿ ದುರಸ್ತಿಗಳು ನಡೆದವು. 1991ರ ಕೆಲಸದಲ್ಲಿ ಮೈಮೇಲಿನ ಚೌಕಳಿ ಗೆರೆಗಳಿಗೆ ಏರ್‌ಬ್ರಷ್‌ನಿಂದ (ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಸಲಕರಣೆ) ಗಾಢ ನೆರಳು ಕೊಟ್ಟದ್ದು ಅಭಿಮಾನಿಗಳಲ್ಲಿ ದೀರ್ಘ ವಾದಕ್ಕೆ ಕಾರಣವಾಯಿತು, ಏಕೆಂದರೆ ಪರದೆಯ ಮೇಲೆ ಕಂಡ ನೌಕೆ ಅಷ್ಟು ಕೊಳೆಯಾಗಿರಲಿಲ್ಲ. ಅದೃಷ್ಟಕ್ಕೆ ತಟ್ಟೆಯ ಮೇಲ್ಭಾಗವನ್ನು ಹಾಗೆಯೇ ಬಿಡಲಾಗಿತ್ತು. ಧಾರಾವಾಹಿಯ 50ನೇ ವರ್ಷಕ್ಕೆಂದು ಮುಂದಿನ ಸಂರಕ್ಷಣೆ ಆರಂಭವಾದಾಗ 1960ರ ದಶಕದ ಆ ಬಣ್ಣವೇ ಸಾಕ್ಷಿಯಾಯಿತು. ಸಂರಕ್ಷಕರು ಮಾದರಿಗೆ ಎಕ್ಸ್-ರೇ ತೆಗೆದರು. 1976ಕ್ಕಿಂತ ಮೊದಲು ಯಾರಾದರೂ ಅದನ್ನು ನೇರವಾಗಿ ಕಂಡು ತೆಗೆದ ಚಿತ್ರಗಳಿದ್ದರೆ ಕೊಡಿ ಎಂದು ಸಾರ್ವಜನಿಕರನ್ನೂ ಕೇಳಿದರು. 2016ರಲ್ಲಿ ಪ್ರದರ್ಶನಕ್ಕೆ ಮರಳಿದ ನೌಕೆ ಮೂಲಕ್ಕೆ ಬಹಳ ಹತ್ತಿರವಿದೆ.

ಗಾಜಿನ ಪೆಟ್ಟಿಗೆಯ ಮುಂದೆ ನಿಂತು ನಾನು ಗಮನಿಸಿದ್ದನ್ನು ಹೇಳುತ್ತೇನೆ. ಮೈಯ ಬಣ್ಣ ಬಿಳಿಯೂ ಅಲ್ಲ, ಬೆಳ್ಳಿಯೂ ಅಲ್ಲ. ಬೆಳಕು ಬದಲಾದಂತೆ ಸ್ವಲ್ಪ ಹಸಿರಿಗೆ ತಿರುಗುವ ತಿಳಿ ಬೂದು. ತಟ್ಟೆಯ ಮೇಲಿನ ಚೌಕಳಿ ಕೇವಲ ಪೆನ್ಸಿಲ್ ಗೆರೆ. ದೂರದಿಂದ ಅದು ಇದೆಯೆಂದೇ ತಿಳಿಯುವುದಿಲ್ಲ, ಹತ್ತಿರ ಹೋದಾಗ ಮಾತ್ರ ಕಣ್ಣಿಗೆ ಸಿಗುತ್ತದೆ. ಅಲ್ಲಲ್ಲಿ ತುಕ್ಕು ಬಣ್ಣದ ಮತ್ತು ಹಸಿರು ಛಾಯೆಯ ತೆಳು ಎಳೆಗಳಿವೆ. ಇಂತಲ್ಲಿ ಶುರುವಾಗಿ ಇಂತಲ್ಲಿ ಮುಗಿಯಿತೆಂದು ಬೆರಳಿಟ್ಟು ತೋರಿಸಲಾಗದಷ್ಟು ಮೆತ್ತಗೆ ಅವು ಮೈಯಲ್ಲಿ ಬೆರೆತಿವೆ. ದೊಡ್ಡ ನುಣುಪು ಮೈ ಆಟಿಕೆಯಂತೆ ಕಾಣದಿರಲು ಅಷ್ಟೇ ಸಾಕಾಗಿದೆ.

ಪ್ರಮಾಣದ ಲೆಕ್ಕವೂ ಇದನ್ನೇ ಹೇಳುತ್ತದೆ. 289 ಮೀಟರ್ ಉದ್ದವೆಂದು ಹೇಳಲಾಗುವ ನೌಕೆಯನ್ನು ಈ ಕಿಟ್ ಸುಮಾರು 45 ಸೆಂ.ಮೀ.ಗೆ ಇಳಿಸಿದೆ, ಅಂದರೆ ಪ್ರಮಾಣ ಸುಮಾರು 1/650. ನಿಮ್ಮ ಬ್ರಷ್ ತುದಿಯಿಂದ ಬೀಳುವ 1 ಮಿ.ಮೀ. ಕಲೆ ನಿಜವಾದ ನೌಕೆಯ ಮೇಲೆ 65 ಸೆಂ.ಮೀ. ಅಗಲದ ಗಾಯವಾಗುತ್ತದೆ. ಅಂತರ್ಜಾಲದಲ್ಲಿ ನೀವು ಕಂಡ ಬಹುತೇಕ ವಿಧಾನಗಳು 1/35 ಪ್ರಮಾಣದ ಸೇನಾ ಟ್ಯಾಂಕ್ ಮಾದರಿಗಳಿಂದ ಬಂದವು, ಇಲ್ಲವೇ 1977ರ ಸ್ಟಾರ್ ವಾರ್ಸ್ ನೌಕೆಗಳ ಪರಂಪರೆಯವು. ಆ ನೌಕೆಗಳನ್ನು ಟ್ಯಾಂಕು, ವಿಮಾನಗಳ ಕಿಟ್ ಭಾಗಗಳನ್ನು ಮೆತ್ತಿ, ಬೇಕೆಂದೇ ಸವೆದ, ಮಸಿ ಹಿಡಿದ ಯಂತ್ರಗಳಂತೆ ಮಾಡಲಾಗಿತ್ತು. ಅಲ್ಲಿ ಅದು ಸರಿ. ಎಂಟರ್‌ಪ್ರೈಸ್ ಬೇರೆ ಜಾತಿಯ ನೌಕೆ.

ಆದ್ದರಿಂದ ನನ್ನ ಸಲಹೆ ಹೀಗಿದೆ. ಪ್ರೈಮರ್ ಮತ್ತು ಬೂದು ಬಣ್ಣ ಪೂರ್ತಿ ಒಣಗಿದ ಮೇಲೆ ಮೂಲ ಬಣ್ಣಕ್ಕೆ ಒಂದೆರಡು ಹನಿ ಬಿಳಿ ಬೆರೆಸಿ, ಅಲ್ಲಲ್ಲಿ ಕೆಲವು ಚೌಕಗಳ ಮೇಲೆ ಏರ್‌ಬ್ರಷ್‌ನಿಂದ ಮಂಜಿನಂತೆ ಹಾಯಿಸಿ. ಗೆರೆಗಳನ್ನು ಗಟ್ಟಿಯಾದ 4ಎಚ್ ಪೆನ್ಸಿಲ್‌ನಿಂದ ಒತ್ತದೆ ಎಳೆಯಿರಿ. ಕಿಟ್‌ನ ಅಚ್ಚಿನಲ್ಲೇ ಎದ್ದು ಕಾಣುವ ಗೆರೆಗಳನ್ನು ಅದಕ್ಕೆ ಮೊದಲೇ ಉಜ್ಜಿ ತಗ್ಗಿಸಿರಬೇಕು. ಡಿಕಾಲ್‌ಗಳನ್ನು ವೆದರಿಂಗ್‌ಗೆ ಮೊದಲೇ ಅಂಟಿಸಿ, ಇಲ್ಲದಿದ್ದರೆ ಮಾಸಿದ ಮೈಮೇಲೆ ಹೊಸ ಅಕ್ಷರಗಳು ತೇಲಿದಂತೆ ಕಾಣುತ್ತವೆ. ಎಳೆಗಳಿಗೆ ಕಂದು ಮತ್ತು ಹಸಿರು ಬೂದು ಬಣ್ಣದ ಪ್ಯಾಸ್ಟೆಲ್ ಸೀಮೆಸುಣ್ಣವನ್ನು ವಾಟರ್ ಪೇಪರ್ ಮೇಲೆ ಉಜ್ಜಿ ಪುಡಿ ಮಾಡಿ, ಮೆತ್ತನೆಯ ಬ್ರಷ್‌ನಿಂದ ಮುಂದಿನಿಂದ ಹಿಂದಕ್ಕೆ ಎಳೆಯಿರಿ. ಮಳೆಯೇ ಇಲ್ಲದ ಕಡೆ ಹಾರುವ ನೌಕೆಗೆ ಮೇಲಿನಿಂದ ಕೆಳಕ್ಕೆ ಸೋರಿದ ಕಲೆ ಹೊಂದುವುದಿಲ್ಲ. ಮ್ಯಾಟ್ ವಾರ್ನಿಷ್ ಹೊಡೆದಾಗ ಪುಡಿಯ ಅರ್ಧ ಬಣ್ಣ ಮಾಯವಾಗುತ್ತದೆ. ಆಮೇಲೆ ಉಳಿದದ್ದನ್ನು ನೋಡಿ ಬೇಕಿದ್ದರೆ ಇನ್ನೊಂದು ಸಲ ಹಾಯಿಸಬಹುದು. ಮಳೆಗಾಲದ ತೇವದ ದಿನ ಮಾತ್ರ ಸ್ಪ್ರೇ ವಾರ್ನಿಷ್ ಮುಟ್ಟಬೇಡಿ, ಮೈಯೆಲ್ಲ ಬಿಳಿಚಿಕೊಳ್ಳುತ್ತದೆ.

ಧಾರವಾಡದ ಓದುಗಿ

ಇಬ್ಬರ ಸಲಹೆಯೂ ಉಪಯುಕ್ತವಾಗಿದೆ, ಆದರೆ ಒಂದು ಮೂಲ ಪ್ರಶ್ನೆಯನ್ನು ಯಾರೂ ಎತ್ತಲಿಲ್ಲ. ಬೆಳ್ಳಿ ಬಣ್ಣವನ್ನು ತೆಗೆಯಲೇಬೇಕೆ?

ಈ ಮಾದರಿಯ ಮೇಲೆ ಎರಡು ಬಗೆಯ ಸವೆತಗಳಿವೆ ಎಂದು ನನಗೆ ತೋರುತ್ತದೆ. ಜೋತುಬಿದ್ದ ಕೊಳವೆ, ಬಿರುಕು, ಹಳದಿ ಬಣ್ಣ ಇವು ಅಟ್ಟದ ಮೇಲೆ ಕಳೆದ ಕಾಲ ಮಾಡಿದ್ದು. ಇವು ವಸ್ತುವಿನ ಆಯಸ್ಸನ್ನು ತಿನ್ನುವುದರಿಂದ ಸರಿಪಡಿಸಲೇಬೇಕು. ನೌಕೆಯು ಕಥೆಯೊಳಗೆ ಪಟ್ಟ ಸವೆತವನ್ನು ಮಾತ್ರ ವೆದರಿಂಗ್ ತೋರಿಸಬೇಕು. ಮೊದಲನೆಯದನ್ನು ಮುಚ್ಚಲು ಎರಡನೆಯದನ್ನು ಬಳಸಬಾರದು. ಬಿರುಕಿನ ಮೇಲೆ ಕಪ್ಪು ಬಳಿದು ಅದು ಯುದ್ಧದ ಗಾಯವೆಂದು ತೋರಿಸುವ ಮಾದರಿಗಳನ್ನು ಕಂಡಾಗ ನನಗೆ ಬೇಸರವಾಗುತ್ತದೆ. ಇವೆರಡಕ್ಕೂ ಸೇರದ ಮೂರನೆಯದು ನಿಮ್ಮ ಮಾವನವರ ಬ್ರಷ್ ಗೆರೆ. ಅದು ಹಾನಿಯಲ್ಲ, ಒಬ್ಬ ವ್ಯಕ್ತಿಯ ಕೈಯ ಗುರುತು. ಒಮ್ಮೆ ಬ್ರೇಕ್ ಆಯಿಲ್‌ನಲ್ಲಿ ಕರಗಿದರೆ ಅದನ್ನು ಯಾವ ಅಂಗಡಿಯಿಂದಲೂ ತರಲಾಗುವುದಿಲ್ಲ.

ಈ ಕಿಟ್ ಅಪರೂಪದ್ದೇನೂ ಅಲ್ಲ. ಎಎಂಟಿ ಹೆಸರಿನಲ್ಲಿಯೇ ರೌಂಡ್ 2 ಸಂಸ್ಥೆ ಇದನ್ನು ಮರುಬಿಡುಗಡೆ ಮಾಡಿದೆ. ಬೂದು ಬಣ್ಣ, ಪೆನ್ಸಿಲ್ ಗೆರೆ, ತೆಳು ಎಳೆಗಳನ್ನೆಲ್ಲ ಆ ಹೊಸ ಪೆಟ್ಟಿಗೆಯ ಮೇಲೆ ಮಾಡಬಹುದು. ಹಳೆಯದಕ್ಕೆ ಕಡ್ಡಿ ಕೂರಿಸಿ, ಬಿರುಕು ಮುಚ್ಚಿ, ಏಳುತ್ತಿರುವ ಬಣ್ಣದ ಚಕ್ಕೆಗಳ ಕೆಳಗೆ ತೆಳು ಅಕ್ರಿಲಿಕ್ ವಾರ್ನಿಷ್ ಇಳಿಸಿ ಕೂರಿಸಿದರೆ ಸಾಕು. ತೆಗೆಯುವುದೇ ನಿಮ್ಮ ತೀರ್ಮಾನವಾದರೂ ಮೊದಲು ಎಲ್ಲ ಬದಿಗಳಿಂದ ಅಳತೆಪಟ್ಟಿ ಇಟ್ಟು ಹಗಲ ಬೆಳಕಿನಲ್ಲಿ ಚಿತ್ರ ತೆಗೆಯಿರಿ; ಡಿಕಾಲ್‌ಗಳು ಇದ್ದ ಜಾಗವನ್ನು ಬಟರ್ ಪೇಪರ್ ಮೇಲೆ ಗುರುತು ಮಾಡಿಕೊಳ್ಳಿ. ಮಾವನವರು ಇದ್ದಾರೆಯೇ? ಇದ್ದರೆ ಅವರನ್ನೇ ಕೇಳುವುದು ಉತ್ತಮ.

ಹುಬ್ಬಳ್ಳಿ ಸ್ಕೇಲ್

ಮೇಲಿನ ಚರ್ಚೆಗೆ ಒಂದು ಮಾತು ಸೇರಿಸುತ್ತೇನೆ. ಜಖಂಗೊಂಡ ನೌಕೆಯನ್ನು ಮಾಡುವ ಆಸೆ ಯಾರಿಗಾದರೂ ಇದ್ದರೆ ಇದೇ ಕಿಟ್‌ಗೆ ನ್ಯಾಯವಾದ ಪೂರ್ವನಿದರ್ಶನವಿದೆ. 1967ರ ಒಂದು ಕಂತಿನಲ್ಲಿ ಧ್ವಂಸಗೊಂಡ ಕಾನ್‌ಸ್ಟಲೇಶನ್ ನೌಕೆಯನ್ನು ತೋರಿಸಲು ಎಎಂಟಿ ಕಿಟ್ಟನ್ನೇ ಜೋಡಿಸಿ, ಶಾಖದಿಂದ ಸುಟ್ಟು ಜಖಂ ಮಾಡಿ ಬಳಸಿದ್ದರು. ಎಂಟರ್‌ಪ್ರೈಸ್‌ನ ನೋಂದಣಿ ಸಂಖ್ಯೆಯಾದ 1701ರ ಅಂಕಿಗಳನ್ನೇ ಅದಲು ಬದಲು ಮಾಡಿದ್ದರಿಂದ ಅದರ ಸಂಖ್ಯೆ 1017 ಆಯಿತು. ನೂರಾರು ಮೀಟರಿನ ನೌಕೆ ಮುರಿದಂತೆ ಕಾಣಲು ಮಸಿ ಬಳಿದರೆ ಸಾಲದು, ಪ್ಲಾಸ್ಟಿಕ್ಕೇ ಮುರುಟಬೇಕು. ಆದರೆ ಇದನ್ನು ಮರುಬಿಡುಗಡೆಯ ಕಿಟ್ ಮೇಲೆ, ಕಿಟಕಿ ತೆರೆದ ಕೋಣೆಯಲ್ಲಿ ಮಾಡಿ. ಸುಡುವ ಪಾಲಿಸ್ಟೈರೀನ್‌ನ ಹೊಗೆ ಒಳ್ಳೆಯದಲ್ಲ.

ಮೈಸೂರು ಹವ್ಯಾಸಿ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಧಾರವಾಡದ ಸೋದರಿಯ ಮಾತಿನಂತೆ ಶಿವಮೊಗ್ಗದಲ್ಲಿರುವ ಮಾವನಿಗೆ ಫೋನ್ ಮಾಡಿದೆ. ನೌಕೆ ಬೂದು ಬಣ್ಣದ್ದೆಂದು ಆಗಲೇ ಅವರಿಗೆ ಗೊತ್ತಿತ್ತಂತೆ. ಹಾಸ್ಟೆಲ್ಲಿನ ಗೆಳೆಯನೊಬ್ಬ ಮಿಗಿಸಿ ಕೊಟ್ಟ ಡಬ್ಬಿಯಲ್ಲಿದ್ದದ್ದು ಬೆಳ್ಳಿ ಬಣ್ಣ ಮಾತ್ರವಾದ್ದರಿಂದ ಅದನ್ನೇ ಬಳಿದರಂತೆ. “ತೆಗಿಯಮ್ಮ, ನನಗೂ ಅದು ಸರಿಯಾದ ಬಣ್ಣದಲ್ಲಿ ನೋಡಬೇಕು ಅಂತ ಇತ್ತು” ಎಂದರು. ಹೀಗಾಗಿ ಬಣ್ಣ ತೆಗೆಯುವುದೆಂದು ನಿರ್ಧರಿಸಿದ್ದೇನೆ. ಆದರೆ ಹೊಟ್ಟೆಯ ಕೆಳಗೆ, ಸ್ಟ್ಯಾಂಡ್ ಕೂರುವ ಜಾಗದ ಸುತ್ತ ಒಂದು ಪಟ್ಟಿಯಷ್ಟು ಬೆಳ್ಳಿ ಬಣ್ಣವನ್ನು ಮುಟ್ಟದೆ ಉಳಿಸುತ್ತೇನೆ. ಸಂಗ್ರಹಾಲಯದವರಿಗೆ ತಟ್ಟೆಯ ಮೇಲ್ಭಾಗ ಒದಗಿದ ಹಾಗೆ ಮುಂದೆ ಯಾರಿಗಾದರೂ ಇದು ಒದಗಬಹುದು.

ಒಂದು ಸಂದೇಹ ಉಳಿದಿದೆ. ತೋಳುಗಳು ಹೊಟ್ಟೆಗೆ ಸೇರುವ ಮೂಲೆಗಳಲ್ಲಿ ಸ್ವಲ್ಪ ಆಳ ತೋರಿಸಲು ಆಯಿಲ್ ಕಲರ್ ಅನ್ನು ಟರ್ಪೆಂಟೈನ್‌ನಲ್ಲಿ ತೆಳುವಾಗಿಸಿ ಹರಿಯಬಿಡಬಹುದೆ?

ಬಸವನಗುಡಿ ಮಾಡೆಲರ್

ಮೇಡಂ, ತೀರ್ಮಾನ ಒಪ್ಪುವಂಥದ್ದು. ಆದರೆ ಆ ಮೂಲೆಯಲ್ಲಿ ಮಾತ್ರ ಟರ್ಪೆಂಟೈನ್ ಬೇಡ. ಸದಾ ಎಳೆತದಲ್ಲಿರುವ ಪಾಲಿಸ್ಟೈರೀನ್ ಮೇಲೆ ಟರ್ಪೆಂಟೈನ್‌ನಂತಹ ದ್ರಾವಕ ಹರಿದು, ಬಣ್ಣ ತಲುಪದ ಬರಿ ಪ್ಲಾಸ್ಟಿಕ್‌ಗೆ ಸೇರಿದರೆ, ಹೊರಗೆ ಏನೂ ಕಾಣದೆ ಒಳಗೊಳಗೇ ಕೂದಲೆಳೆಯ ಬಿರುಕುಗಳು ಹುಟ್ಟುತ್ತವೆ. ನಾಲ್ಕು ದಿನ ಬಿಟ್ಟು ತೋಳು ತಾನಾಗಿ ಮುರಿದಾಗ ಕಾರಣ ಏನೆಂದೇ ತಿಳಿಯುವುದಿಲ್ಲ. ನಿಮ್ಮ ನೌಕೆಯಲ್ಲಿ ಅತಿ ಹೆಚ್ಚು ಎಳೆತವಿರುವ ಜಾಗವೇ ಅದು. ತಟ್ಟೆಯ ಮೇಲೆ, ವಾರ್ನಿಷ್ ಹೊಡೆದ ನಂತರ, ಬ್ರಷ್ ಅನ್ನು ಟಿಶ್ಯೂ ಮೇಲೆ ಒತ್ತಿ ಹೆಚ್ಚಿನ ದ್ರವ ತೆಗೆದು ಬಳಸಿದರೆ ತೊಂದರೆ ಇಲ್ಲ. ತೋಳಿನ ಬುಡಕ್ಕೆ ಗಾಢ ಬೂದು ಪ್ಯಾಸ್ಟೆಲ್ ಪುಡಿಯೇ ಸಾಕು. ಸ್ಟ್ಯಾಂಡ್ ಮೇಲೆ ಏರಿಸಿದ ಮೇಲೆ ಬಿಸಿಲು ಬೀಳುವ ಕಿಟಕಿಯ ಬಳಿ ಇಡಬೇಡಿ, ಮತ್ತು ಎತ್ತುವಾಗ ಕೊಳವೆಗಳನ್ನಾಗಲಿ ತಟ್ಟೆಯ ಅಂಚನ್ನಾಗಲಿ ಹಿಡಿಯದೆ ಹೊಟ್ಟೆಯ ಭಾಗದಲ್ಲಿಯೇ ಹಿಡಿದು ಎತ್ತಿ.